ಎಣಿಕೆಯ ಗಾಜು

ಇಪ್ಪತ್ತು ಲೀಟರಿನ ನಾಕು ನೀರಿನ ಕ್ಯಾನು,
ಮೀನಿನ ತೊಟ್ಟಿಗೆ ಹಚ್ಚೋ ಗಾಳಿಪಂಪು ಒಂದು,
ಎರಡು ಟ್ಯೂಬ್‌ಲೈಟು, ಅದರಾಗೊಂದು ಮಿಣಮಿಣ.
ವಿಜಯಪುರದ ನಮ್ಮ ಕಾಲೇಜಿನ ಹಿಂದಿನ ಖೋಲಿಯೊಳಗ
ಗುಳುಗುಳು ಅಂತದ ಹಸಿರು
ಹುಕ್ಕಾ ಸೇದೋ ಮುದುಕನ ಹಂಗ.

ತಾರಾಮತಿ ಮೇಡಂ ಬಾವಡಿಯಿಂದ ತಂದದ್ದು,
ಕಡೀ ಮೆಟ್ಟಲದಿಂದ, ಖಾಲಿ ಮಸಿಬಾಟ್ಲಿಯೊಳಗ.
ಹಾಲಿನ ಪಾಕೀಟು, ಯಾರದೋ ಒಂಟಿ ಚಪ್ಪಲಿ ಸರಿಸಿ
ಸೆರಗು ಸೊಂಟಕ್ಕ ಸಿಗಿಸಿ ಬಗ್ಗಿದ್ದರು.
"ಪಾಚಿ ಅಲ್ಲೇನ್ರಿ ಇದು?" ಅಂದೆ.
"ಪಾಚೀನ ಖಾಜೇಸಾಬ.
ಕಾಲು ಜಾರಸೋದಷ್ಟ ಅಲ್ಲ ಅದರ ಕೆಲಸ."

ಒಂದು ಹನಿಯಿಂದ ಒಂದು ಜೀವ ಬ್ಯಾರೆ ಮಾಡಲಿಕ್ಕೆ
ಆರು ತಿಂಗಳು.
ಕುದಿಸಿದ್ದು, ಬೂಸು ಬಂತಂತ ಚೆಲ್ಲಿದ್ದು, ಮತ್ತ ಕುದಿಸಿದ್ದು.
ಒಂದು ಸಂಜಿ, ಸಾಸಿವಿಗಿಂತ ಸಣ್ಣ ಚುಕ್ಕಿ.
"ಕ್ಲೋರೆಲ್ಲಾ" ಅಂದರು,
ಮೊಮ್ಮಗಳಿಗೆ ಹೆಸರಿಟ್ಟಂಗ.

ಹಗಲು ಬೆಳಕು ತಿಂದು ಉಬ್ಬತಾವ,
ಕತ್ತಲಾತಂದರ ತಾಯಿಗ್ವಾಡಿ ಒಡದು
ನಾಕಾಗಿ ಹೊರಗ ಬೀಳತಾವ.
ನಾಕು, ಹದಿನಾರು, ಅರವತ್ನಾಕು,
ನನಗದು ಹಬ್ಬದ ಲೆಕ್ಕ ಅನಸತಿತ್ತು.
ಈಗ ಅನಸೂದಿಲ್ಲ.

ಶ್ರಾವಣದಾಗ ಮೇಡಂ ಅವರ ಎದಿಯೊಳಗ ಕೈಗೆ ಹತ್ತಿತು
ಹಂಗ ಒಡಕೋತ ಹೊಂಟದ್ದೊಂದು,
ಕತ್ತಲಿ ಬೆಳಕು ಯಾವುದನ್ನೂ ಕೇಳದ್ದು.
ಬೆಳಗಾವಿ ದವಾಖಾನಿ. ಇಪ್ಪತ್ತೊಂದು ದಿನಕ್ಕೊಮ್ಮೆ
ಶರಬತ್ತಿನ ಬಣ್ಣದ ಔಷಧ ನರದೊಳಗ.

ಎಣಿಕೆಯ ಗಾಜು ಅಂತ ಒಂದದ ನಮ್ಮಲ್ಲಿ.
ಕೂದಲಗಿಂತ ತೆಳು ಗೆರಿ, ಚೌಕ ಚೌಕ,
ಹುಡುಗ್ಯಾರು ಅಂಗಳದಾಗ ಕುಂಟಾಟಕ್ಕ ಬರದಂಗ.
ರಕ್ತ ಎಣಸಲಿಕ್ಕೆ ಮಾಡಿದ ಗಾಜು ಅದು.
ನಾವು ಅದರಾಗ ಹಸಿರು ಎಣಸತೇವಿ.
ಮ್ಯಾಲಿನ ಗೆರಿ ಮುಟ್ಟಿದ್ದು ಲೆಕ್ಕಕ್ಕದ,
ಕೆಳಗಿನ ಗೆರಿ ಮುಟ್ಟಿದ್ದು ಬಿಡಬೇಕು.
ಮೇಡಂ ಕಲಿಸಿದ ಕಾಯ್ದೆ.

ದಿನಾ ಏಳಕ್ಕ ಫೋನು. "ಇವತ್ತ ಎಷ್ಟು?"
"ಮಿಲಿಲೀಟರಿಗೆ ಎಂಬತ್ತು ಲಕ್ಷ ರೀ."
"ನನ್ನ ಬಿಳೀವು ಎರಡು ಸಾವಿರದಾ ಒಂಬೈನೂರು.
ಪಾಚಿ ಗೆದ್ದವು ನೋಡು" ಅಂತ ನಗೋರು,
ನಕ್ಕ ಮ್ಯಾಲ ಕೆಮ್ಮೋರು.

ತಿಕೋಟಾದಿಂದ ಒಬ್ಬಾಂವ ಬಂದ, ಕೈಯಾಗ ಸ್ಟೀಲಿನ ಡಬ್ಬಿ.
"ಇದನ್ನ ಕುಡದರ ಗಡ್ಡಿ ಕರಗತದಂತ. ನನ್ನ ಹೇಣತಿಗೆ..."
ಮೇಡಂ ಬಾಯಿಪಾಠ ಮಾಡಿಸಿದ್ದ ಹೇಳಿದೆ:
ಗಾಜಿನ ತಟ್ಟಿಯೊಳಗ ಬೆಳಸಿದ ಕಣದ ಮ್ಯಾಲ
ಇದರ ಸಾರ ಹಾಕ್ಯಾರ, ಕೆಲವು ಕಡೆ
ಬೆಳವಣಿಗಿ ತಡದದ. ಅಷ್ಟ.
ತಟ್ಟಿಗೆ ಹೊಟ್ಟಿಲ್ಲ, ಜ್ವರಿಲ್ಲ,
ಅದರ ಮುಂದ ಕುಂತು ಅಳೋ ಗಂಡ ಇಲ್ಲ.
ಕಡೀ ಸಾಲು ನನ್ನದು. ಹೇಳಬಾರದಿತ್ತು.
ಆಂವ ಡಬ್ಬಿಯ ಮುಚ್ಚಳ ಹಾಕಿದ, ತಗದ, ಹಾಕಿದ.
"ಬರೇ ನೋಡತೇನ್ರಿ" ಅಂತ ಸ್ಟೂಲಿನ ಮ್ಯಾಲ ಕುಂತ,
ಅರ್ಧ ತಾಸು ಗುಳ್ಳಿ ಏರೋದ ನೋಡಿದ.

ಅಂವಗ ಇಲ್ಲ ಅಂದ ನಾನ
ಐತವಾರ ಥರ್ಮಾಸು ತುಂಬಕೊಂಡು
ಬೆಳಗಾವಿ ಬಸ್ಸು ಹತ್ತಿದೆ.
ಮೇಡಂ ಮುಚ್ಚಳ ತಗದು ಮೂಸಿದರು.
ಹುಬ್ಬಿಲ್ಲದ ಹಣಿ ಒಂಚೂರು ಏರಿತು.
"ಬಾವಡಿ ನೀರಿನ ಕೂಸು ಇದು, ಖಾಜೇಸಾಬ.
ನನಗ ಒಂದು ಸೀತ ತಡಕೊಳ್ಳೋ ಶಕ್ತಿ ಇಲ್ಲ.
ಇಷ್ಟೆಲ್ಲಾ ಕಲಿಸಿದ್ದು ಎಲ್ಲಿ ಹೋತು?"
ನರ್ಸಿನ ಕಡೆ ಖಾಲಿ ಗಾಜಿನ ಬಾಟ್ಲಿ ಕೇಳಿ
ಹಸಿರು ಅದಕ್ಕ ಸುರುವಿ
ಕಿಡಕ್ಯಾಗ ಇಡಿಸಿದರು, ಮುಚ್ಚಳ ಸಡಿಲ ಬಿಟ್ಟು.
"ಥರ್ಮಾಸಿನ್ಯಾಗ ಕತ್ತಲದ. ಪಾಪ, ಎಂಟು ತಾಸು."

ಇವತ್ತ ಏಳಾತು, ಫೋನಿಲ್ಲ.
ಎಂಟು. ಕರೆಂಟು ಹೋತು, ಪಂಪು ನಿಂತಿತು,
ಖೋಲಿ ಒಮ್ಮೆಲೆ ಕಿವಿಯಾತು.
ಗಾಜಿನ ಕಡ್ಡಿಲೆ ನಾಕೂ ಕ್ಯಾನು ತಿರುವಿದೆ.
ಕರೆಂಟು ಬಂದ ಮ್ಯಾಲ ಎಣಿಸಲಿಕ್ಕೆ ಕುಂತೆ,
ಕೆಳಗಿನ ಗೆರಿ ಮುಟ್ಟಿದ್ದನ್ನೂ ಎಣಿಸಿದೆ.

ರಿಜಿಸ್ಟರದಾಗ ಆ ಅಂಕಿ ಪೆನ್ಸಿಲಿನ್ಯಾಗ ಬರದೇನಿ.
ಬಂದು ಕೆಂಪು ಶಾಯಿಲೆ ತಿದ್ದಿ
ಬೈಲಿ ಅಂತ.